ದೇಶ ಸುತ್ತುವ ಖರ್ಚು ಯಾರದು?

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ನಮ್ಮ ಹಿರಿಯರು ಹೇಳಿದರು. ಸುತ್ತುವ ಖರ್ಚನ್ನು ಯಾರು ಕೊಡಬೇಕೆಂಬುದನ್ನು ಮಾತ್ರ ಹೇಳದೆ ಬಿಟ್ಟರು. ಆದುದರಿಂದಲೇ ಬೇಸಗೆಯ ರಜೆ ಸಮೀಪಿಸಿತೆಂದರೆ ಗೃಹಸ್ಥನಾದವನು ಕಾಗದ ಪೆನ್ಸಿಲು ಹಿಡಿದು ಕುಳಿತುಕೊಳ್ಳುವನು. ಬಸ್ಸಿಗೆ ಇಷ್ಟು, ವಸತಿಗೆ ಇಷ್ಟು, ಊಟ ಉಪಾಹಾರಕ್ಕೆ ಇಷ್ಟು, ಪ್ರವೇಶದ ಚೀಟಿಗೆ ಇಷ್ಟು, ಮಕ್ಕಳ ಹಟಕ್ಕೆ ಇಷ್ಟು ಎಂದು ಕೂಡಿಸುತ್ತ ಹೋದಂತೆ ಪಟ್ಟಿಯಲ್ಲಿದ್ದ ಊರುಗಳು ಒಂದೊಂದಾಗಿ ಅಳಿಸಿಹೋಗುವುವು. ಕೊನೆಗೆ ಉಳಿಯುವುದು ಮಾವನವರ ಮನೆಯೊಂದೇ. ಅಲ್ಲಿ ವಸತಿಗೂ ದುಡ್ಡಿಲ್ಲ, ಊಟಕ್ಕೂ ದುಡ್ಡಿಲ್ಲ!

ಇದು ನಗೆಯ ಮಾತಾದರೂ ಇದರಲ್ಲಿ ಒಂದು ತಥ್ಯವಿದೆ. ಯಾವ ಪ್ರವಾಸದಲ್ಲಿಯೂ ಖರ್ಚಿನ ಒಂದು ಪಾಲನ್ನು ಬರುವವನು ಕೊಡುತ್ತಾನೆ. ಇನ್ನೊಂದು ಪಾಲನ್ನು ಬರಮಾಡಿಕೊಳ್ಳುವವನು ಕೊಡುತ್ತಾನೆ. ಯಾವ ದೇಶದಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ನೋಡಿದರೆ, ಆ ದೇಶವು ಪರಊರಿನವನನ್ನು ಹೇಗೆ ಕಾಣುತ್ತದೆಂಬುದು ತಿಳಿದುಬರುತ್ತದೆ. ಈ ವಿಚಾರ ನನ್ನ ತಲೆಯಲ್ಲಿ ಹೊಕ್ಕದ್ದು ಯಾವ ವಿದೇಶದಲ್ಲಿಯೂ ಅಲ್ಲ. ಇಂಡಿಯಿಂದ ವಿಜಯಪುರಕ್ಕೆ ಹೊರಟ ಒಂದು ಸಾಮಾನ್ಯ ಬಸ್ಸಿನಲ್ಲಿ.

ಎರಡೂ ಕಡೆಗೆ ಕಪ್ಪು ಎರೆಯ ಭೂಮಿ. ಜೋಳ ಕೊಯ್ದ ಹೊಲಗಳ ನಡುನಡುವೆ ಲಿಂಬೆಯ ತೋಟಗಳ ಹಸುರು. ನನ್ನ ಪಕ್ಕದಲ್ಲಿ ಇಳಕಲ್ಲ ಸೀರೆಯುಟ್ಟ ಒಬ್ಬ ವೃದ್ಧೆ, ಮೊಮ್ಮಗಳು ಹಾಗೂ ಮೊಮ್ಮಗನೊಂದಿಗೆ ಕುಳಿತಿದ್ದಳು. ಅಜ್ಜಿಗೂ ಮೊಮ್ಮಗಳಿಗೂ ಶೂನ್ಯ ದರದ ಚೀಟಿ. ಹುಡುಗನಿಗೆ ಅರ್ಧ ಚೀಟಿ. ಮೂವರಲ್ಲಿ ತಾನೊಬ್ಬನೇ ರೊಕ್ಕ ಕೊಟ್ಟ ಪ್ರಯಾಣಿಕನೆಂಬ ಹೆಮ್ಮೆಯಿಂದ ಅವನು ಕಿಟಕಿಯ ಪಕ್ಕದ ಸ್ಥಳವನ್ನು ವಶಪಡಿಸಿಕೊಂಡಿದ್ದನು.

“ಯಾವ ಊರ್ರಿ ಅವ್ವಾರ?” ಎಂದು ಕೇಳಿದೆ.

“ಸಾಲೋಟಗಿರಿ. ಈ ಹುಡುಗೂರಿಗೆ ಗೋಳಗುಮ್ಮಟ ತೋರಸಾಕ ಹೊಂಟೀನಿ.”

“ನೀವು ಮೊದಲ ನೋಡೀರೇನು?”

“ಹೊರಗಿಂದ ನೋಡೀನ್ರಿ, ದವಾಖಾನಿಗೆ ಹ್ವಾದಾಗ. ಒಳಗ ಹೋಗಿಲ್ಲ. ಬಸ್ಸಿಗೆ ರೊಕ್ಕ ಕೊಟ್ಟು ಗುಮ್ಮಟ ನೋಡಿ ಬರ್ತೀನಿ ಅಂದ್ರ ಮನ್ಯಾಗ ಯಾರ ಬಿಡತಿದ್ರು?”

ಮಹಮದ್ ಆದಿಲಶಾಹನ ಈ ಸಮಾಧಿಯನ್ನು ನೋಡಲು ಸಮುದ್ರ ದಾಟಿ ಜನ ಬರುತ್ತಾರೆ. ಅದೇ ಜಿಲ್ಲೆಯಲ್ಲಿ ಹುಟ್ಟಿ, ಅಲ್ಲಿಯೇ ಬಾಳಿ, ತಲೆ ನರೆತ ಹೆಣ್ಣುಮಗಳು ಅದರ ಹೊಸ್ತಿಲನ್ನು ತುಳಿದಿರಲಿಲ್ಲ. ಅಡ್ಡವಾಗಿದ್ದುದು ದೂರವಲ್ಲ, ಬಸ್ಸಿನ ಚೀಟಿ. ಆ ಚೀಟಿಯೂ ಬಹು ದೊಡ್ಡದೇನಲ್ಲ. ಆದರೆ ಬಡವರ ಮನೆಯಲ್ಲಿ ದವಾಖಾನೆಗೆ ಹೋಗಲು ಹುಟ್ಟುವ ದುಡ್ಡು ನೋಡಲು ಹೋಗಲು ಹುಟ್ಟುವುದಿಲ್ಲ. ಅದರಲ್ಲಿಯೂ ಮನೆಯ ಹೆಂಗಸಿಗಾಗಿ ಹುಟ್ಟುವುದೇ ಇಲ್ಲ. ಕರ್ನಾಟಕದಲ್ಲಿ 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಆರಂಭವಾಯಿತು. ರಾಜ್ಯದ ಮಹಿಳೆಯರಿಗೆ ಸರಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಅವರ ಚೀಟಿಯ ಹಣವನ್ನು ಸಾರಿಗೆ ನಿಗಮಗಳಿಗೆ ಸರಕಾರವು ತುಂಬಿಕೊಡಬೇಕೆಂದಾಯಿತು. ಈ ಯೋಜನೆಯ ಒಳಿತು ಕೆಡುಕುಗಳ ಚರ್ಚೆ ಮನೆಮನೆಗಳಲ್ಲಿಯೂ ನಡೆದಿದೆ. ನಾನು ಕಂಡದ್ದು ಇಷ್ಟು: ಯಾರೋ ಕಾಣದವರು ಚೀಟಿಯ ಬೆಲೆ ಕೊಟ್ಟದ್ದರಿಂದ ಒಬ್ಬ ಅಜ್ಜಿ ತನ್ನ ಜಿಲ್ಲೆಯ ಗುಮ್ಮಟವನ್ನು ನೋಡಲು ಹೊರಟಿದ್ದಳು.

ಗುಮ್ಮಟದ ಬಾಗಿಲಿನಲ್ಲಿ ಲೆಕ್ಕ ಬೇರೆ. 2018ರಲ್ಲಿ ನಿಗದಿಯಾದಂತೆ ಭಾರತೀಯರಿಗೆ 25 ರೂಪಾಯಿ, ವಿದೇಶೀಯರಿಗೆ 300 ರೂಪಾಯಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಏನೂ ಇಲ್ಲ. ಒಂದೇ ಗುಮ್ಮಟ, ಒಂದೇ ಪ್ರತಿಧ್ವನಿ. ಹೊರಗಿನವನಿಗೆ ಹನ್ನೆರಡು ಪಟ್ಟು ಬೆಲೆ. ಇದು ನಮ್ಮ ದೇಶವೊಂದರ ರೀತಿಯಲ್ಲ.

ಜಪಾನಿನ ಕ್ಯೋಟೋ ನಗರವನ್ನು ನೋಡಿರಿ. ದೇವಾಲಯಗಳಿಗೆ ಪ್ರಸಿದ್ಧವಾದ ಆ ಹಳೆಯ ರಾಜಧಾನಿಗೆ ಬರುವ ಪ್ರವಾಸಿಗರ ದಟ್ಟಣೆ ಎಷ್ಟಾಯಿತೆಂದರೆ, ಊರಿನ ಮುದುಕರಿಗೂ ಶಾಲೆಯ ಮಕ್ಕಳಿಗೂ ಸಿಟಿ ಬಸ್ಸು ಹತ್ತುವುದೇ ಕಷ್ಟವಾಯಿತು. ನಗರಸಭೆಯವರು ಮೊದಲು, ದಿನವಿಡೀ ಎಷ್ಟು ಸಲವಾದರೂ ಬಸ್ಸು ಹತ್ತಬಹುದಾಗಿದ್ದ ಅಗ್ಗದ ಚೀಟಿಯನ್ನು 2023ರಲ್ಲಿ ಮಾರುವುದನ್ನು ನಿಲ್ಲಿಸಿದರು. ಅನಂತರ 2024ರ ಜೂನ್‌ನಲ್ಲಿ ಪ್ರವಾಸಿಗರಿಗೆಂದೇ ವೇಗದ ಬಸ್ಸುಗಳನ್ನು ಹೊರಡಿಸಿದರು. ಸಾಮಾನ್ಯ ಬಸ್ಸಿನ ದರ 230 ಯೆನ್. ಈ ಬಸ್ಸಿನ ದರ 500 ಯೆನ್. ಮೆಡಿಟರೇನಿಯನ್ ಸಮುದ್ರದ ಪುಟ್ಟ ದೇಶವಾದ ಮಾಲ್ಟಾದಲ್ಲಿಯೂ ಇಂಥದೇ ವ್ಯವಸ್ಥೆ. 2022ರ ಅಕ್ಟೋಬರಿನಿಂದ ಅಲ್ಲಿಯ ನಿವಾಸಿಗಳು ತಮ್ಮ ಹೆಸರಿನ ಕಾರ್ಡನ್ನು ತೋರಿಸಿ ಬಸ್ಸಿನಲ್ಲಿ ಉಚಿತವಾಗಿ ಓಡಾಡುವರು. ಪ್ರವಾಸಿಗನು ದುಡ್ಡು ಕೊಟ್ಟು ಹತ್ತಬೇಕು. ಊರಿನವರು ವರ್ಷವಿಡೀ ತೆರಿಗೆ ಕೊಡುವರು, ಬಂದವನು ಎರಡು ದಿನ ಇದ್ದು ಹೋಗುವನು; ಆದುದರಿಂದ ಅವನು ಹೆಚ್ಚು ಕೊಡಲಿ ಎಂಬುದು ಈ ನ್ಯಾಯ. ಇದನ್ನು ತಪ್ಪೆನ್ನುವಂತಿಲ್ಲ.

ಬರ್ಲಿನ್ ನಗರದಲ್ಲಿ ಮತ್ತೊಂದು ನ್ಯಾಯ. ಎರಡು ತುಂಡಾಗಿದ್ದ ಆ ನಗರವು ಒಂದಾದ 1990ರಲ್ಲಿ, ಪಶ್ಚಿಮ ಭಾಗವನ್ನೂ ಪೂರ್ವ ಭಾಗವನ್ನೂ ಜೋಡಿಸಿ ‘100’ ಎಂಬ ಸಂಖ್ಯೆಯ ಬಸ್ಸು ಹೊರಟಿತು. ಮೃಗಾಲಯದ ನಿಲ್ದಾಣದಿಂದ ಅಲೆಕ್ಸಾಂಡರ್ ಚೌಕದವರೆಗೆ ಅದು ಹೋಗುವ ದಾರಿಯಲ್ಲಿ ವಿಜಯಸ್ತಂಭ, ರಾಷ್ಟ್ರಾಧ್ಯಕ್ಷರ ಅರಮನೆ, ಪಾರ್ಲಿಮೆಂಟು ಭವನ ಎಲ್ಲವೂ ಕಾಣಸಿಗುವುವು. ಕಚೇರಿಗೆ ಹೋಗುವ ಗುಮಾಸ್ತನೂ ಕ್ಯಾಮೆರಾ ತೂಗಿಸಿಕೊಂಡ ಪ್ರವಾಸಿಗನೂ ಕೊಡುವುದು ಒಂದೇ ಚೀಟಿಯ ಬೆಲೆ. ಸುಮಾರು ನಾಲ್ಕು ಯೂರೊ, ಎಂದರೆ ನಮ್ಮ ನಾಲ್ಕು ನೂರು ರೂಪಾಯಿಯ ಆಸುಪಾಸು. ಅದೇ ಬೀದಿಗಳಲ್ಲಿ ಕಿವಿಗೆ ಯಂತ್ರವಿಟ್ಟು ಚರಿತ್ರೆ ಹೇಳುವ ಪ್ರೇಕ್ಷಣೀಯ ಬಸ್ಸುಗಳೂ ಓಡುತ್ತವೆ. ಅವುಗಳ ಬೆಲೆ ಇದರ ಹಲವು ಪಟ್ಟು. ಮೈಸೂರಿನಲ್ಲಿ ಮೇಲ್ಛಾವಣಿಯಿಲ್ಲದ ‘ಅಂಬಾರಿ’ ಬಸ್ಸಿನ ಮಹಡಿಯಿಂದ ದೀಪಾಲಂಕಾರ ನೋಡುವ ಸೊಗಸು ಬೇರೆಯೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಂಸಾರವಂದಿಗನಿಗೆ ಬರ್ಲಿನ್ನಿನ ಪಾಠ ಉಪಯುಕ್ತವಾದುದು: ಹೊಸ ಊರಿಗೆ ಹೋದೊಡನೆ, ಊರಿನವರು ಹತ್ತುವ ಯಾವ ಬಸ್ಸು ಒಳ್ಳೆಯ ಬೀದಿಗಳಲ್ಲಿ ಹೋಗುತ್ತದೆಂದು ಕೇಳಬೇಕು.

ಬಂದವನೇ ಎಲ್ಲವನ್ನೂ ಕೊಟ್ಟ ಪ್ರವಾಸಗಳಿಗೂ ಒಂದು ಉದಾಹರಣೆ ಹೇಳಬಹುದು. 1957ರ ಏಪ್ರಿಲ್ 15ರಂದು ಲಂಡನ್ನಿನಿಂದ ‘ಇಂಡಿಯಾಮನ್’ ಎಂಬ ಬಸ್ಸು ಇಪ್ಪತ್ತು ಜನರನ್ನು ಕೂಡಿಸಿಕೊಂಡು ಹೊರಟು, ಯೂರೋಪು, ತುರ್ಕಿ, ಇರಾನುಗಳನ್ನು ದಾಟಿ, ಜೂನ್ 5ರಂದು ಕಲಕತ್ತೆಗೆ ಬಂದು ಸೇರಿತು. ಬರುವ ದರ 85 ಪೌಂಡು; ಅಂದಿನ ವಿನಿಮಯದಂತೆ ಸುಮಾರು 1,130 ರೂಪಾಯಿ. ದಿನಕ್ಕೆ ಇಪ್ಪತ್ತೆರಡು ರೂಪಾಯಿಯಂತೆ ಅರ್ಧ ಭೂಖಂಡವನ್ನು ನೋಡಿದಂತಾಯಿತು! ಕೇಳಲು ಅಗ್ಗವೆನಿಸುತ್ತದೆ. ಆದರೆ ಅಂದಿನ ನಮ್ಮ ಗುಮಾಸ್ತನಿಗೆ ಅದು ಹಲವು ತಿಂಗಳ ಸಂಬಳ. ಪ್ರವಾಸಿಗನೇ ಪೂರ್ತಿ ಖರ್ಚು ಹೊರಬೇಕೆಂದಾದಲ್ಲಿ ಅಗ್ಗದ ಬಸ್ಸು ಕೂಡ ಕೆಲವರಿಗಾಗಿಯೇ ಇರುತ್ತದೆ.

ಇದಕ್ಕೆ ತೀರ ವಿರುದ್ಧವಾದುದು ಲಕ್ಸೆಂಬರ್ಗ್ ಎಂಬ ಚಿಕ್ಕ ದೇಶದ ಕ್ರಮ. 2020ರ ಫೆಬ್ರವರಿ 29ರಿಂದ ಅಲ್ಲಿ ಬಸ್ಸು, ಟ್ರಾಮು, ರೈಲುಗಳಿಗೆ ಚೀಟಿಯೇ ಇಲ್ಲ. ರೈಲಿನ ಮೊದಲನೆಯ ದರ್ಜೆಗೆ ಮಾತ್ರ ಹಣ ಕೊಡಬೇಕು. ನೀನು ಯಾವ ದೇಶದವನೆಂದು ಯಾರೂ ಕೇಳುವುದಿಲ್ಲ. ಅಲ್ಲಿ ಮೊದಲೂ ಚೀಟಿಯಿಂದ ಬರುತ್ತಿದ್ದ ಹಣ ಒಟ್ಟು ಖರ್ಚಿನ ಹತ್ತರಲ್ಲಿ ಒಂದು ಪಾಲಿಗೂ ಕಡಿಮೆಯಾಗಿತ್ತು. ಉಳಿದುದನ್ನು ತೆರಿಗೆಯಿಂದ ಕೊಡುತ್ತಿದ್ದವರು ಇದನ್ನೂ ಕೊಟ್ಟರೆ ಆಯಿತೆಂದು ತೀರ್ಮಾನಿಸಿದರು. ಶ್ರೀಮಂತ ದೇಶ, ಮಾಡಬಲ್ಲುದು, ಎಂದು ನಾವು ಸುಮ್ಮನಾಗಬಹುದು. ಆದರೆ ಹಾಗೆ ಸುಮ್ಮನಾಗಲು ಸಾಲೋಟಗಿ ಬಿಡುವುದಿಲ್ಲ.

ಅಜ್ಜಿಯ ಊರಿನ ಹೆಸರು ಕಿವಿಗೆ ಬಿದ್ದಾಗಲೇ ನನಗೆ ಅದರ ಹಳೆಯ ಕಥೆ ನೆನಪಾಗಿತ್ತು. ಇಂಡಿಗೆ ಸಮೀಪದಲ್ಲಿರುವ ಈ ಊರನ್ನು ಇಂದು ಸುತ್ತಲಿನವರು ಶಿವಯೋಗೀಶ್ವರನ ಊರೆಂದು ಅರಿಯುವರು. ಸಾವಿರ ವರ್ಷಗಳ ಹಿಂದೆ ಇದರ ಹೆಸರು ಪಾವಿಟ್ಟಗೆ. ಮಾನ್ಯಖೇಟದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನು ಆಳುತ್ತಿದ್ದಾಗ, ಅವನ ಮಂತ್ರಿಯಾದ ಗಜಾಂಕುಶನೆಂಬ ಬಿರುದಿನ ನಾರಾಯಣನು ಇಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಶಕ ವರ್ಷ 867ರ, ಎಂದರೆ ಕ್ರಿ.ಶ. 945ರ, ಸ್ತಂಭಶಾಸನವೊಂದು ಇದನ್ನು ತಿಳಿಸುತ್ತದೆ. ಆ ಶಾಲೆಯ ಖ್ಯಾತಿಯಿಂದಲೇ ‘ಶಾಲಾ ಪಾವಿಟ್ಟಗೆ’ಯು ಸಾಲೋಟಗಿಯಾಯಿತೆಂದು ವಿದ್ವಾಂಸರು ಊಹಿಸಿದ್ದಾರೆ.

ಶಾಸನದಲ್ಲಿ ನಮಗೆ ಮುಖ್ಯವಾದುದು ಖರ್ಚಿನ ಪಟ್ಟಿ. ಈ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರೆಲ್ಲ ದೂರದ ದಾರಿ ನಡೆದು ಬಂದವರು. ಅವರ ವಾಸಕ್ಕಾಗಿ 27 ಮನೆಗಳು. ಶಾಲೆಯ ನಿರ್ವಾಹಕ್ಕೆ 500 ನಿವರ್ತನ ಭೂಮಿ. ಉಪಾಧ್ಯಾಯರಿಗೆ 50 ನಿವರ್ತನ. ರಾತ್ರಿ ಓದಲು ದೀಪದ ಎಣ್ಣೆಗೆಂದೇ 12 ನಿವರ್ತನ. ಇದು ಭೂಮಿಯ ಮಾತಾಯಿತು. ಮುಂದಿನದು ಇನ್ನೂ ಸೊಗಸು: ಊರಿನಲ್ಲಿ ಮದುವೆಯಾದರೆ ಆ ಮನೆಯವರು ಶಾಲೆಗೆ ಐದು ನಾಣ್ಯ ಕೊಡಬೇಕು, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಇನ್ನೂ ಕಡಿಮೆ. ಯಾರ ಮನೆಯಲ್ಲಿ ಔತಣ ನಡೆದರೂ ಶಾಲೆಯವರಿಗೆ ಶಕ್ತ್ಯನುಸಾರವಾಗಿ ಊಟಕ್ಕಿಡಬೇಕು.

ಓದುಗರು ಒಂದು ಕ್ಷಣ ಯೋಚಿಸಬೇಕು. ಮದುವೆಯ ಮನೆಯಲ್ಲಿ ಖರ್ಚಿನ ಬಿಸಿ ಎಂಥದೆಂಬುದು ಹೆಣ್ಣು ಹೆತ್ತವರಿಗೆ ಗೊತ್ತು. ಆ ಬಿಸಿಯ ನಡುವೆ, ಯಾವುದೋ ದೇಶದಿಂದ ನಡೆದು ಬಂದ, ತಮ್ಮ ಬಳಗದವನಲ್ಲದ ಹುಡುಗನ ಪಾಲಿಗೆಂದು ಐದು ನಾಣ್ಯ ಎತ್ತಿಡುವ ಕಟ್ಟಳೆಯನ್ನು ಒಂದು ಹಳ್ಳಿ ಒಪ್ಪಿಕೊಂಡಿತ್ತು. ಹೊರಗಿನವನಿಗೆ ಹೆಚ್ಚು ದರವಲ್ಲ, ಸಮದರವೂ ಅಲ್ಲ. ಹೊರಗಿನವನ ಖರ್ಚು ಊರಿನದು. ಹಾಗೆಂದು ಆ ಕಾಲವನ್ನು ಹೊಗಳಿ ಮುಗಿಸುವಂತಿಲ್ಲ. ಅದು ವೇದಶಾಸ್ತ್ರಗಳ ಶಾಲೆ; ಅದರ ಬಾಗಿಲು ಎಲ್ಲ ಜಾತಿಯವರಿಗೆ ತೆರೆದಿರಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿದ್ದ ಅಜ್ಜಿಗೂ ಮೊಮ್ಮಗಳಿಗೂ ಅಲ್ಲಿ ಪ್ರವೇಶ ಸಿಗುತ್ತಿರಲಿಲ್ಲ. ಅಂದು ದೂರದವನಿಗೆ ತೆರೆದ ಕೈ, ಪಕ್ಕದ ಮನೆಯವಳಿಗೆ ಮುಚ್ಚಿತ್ತು.

ಇಂದು ಅದು ತಿರುವುಮುರುವಾಗಿದೆ. ಅಜ್ಜಿಯ ಮಗಳನ್ನು ಸೋಲಾಪುರಕ್ಕೆ ಕೊಟ್ಟಿದೆಯಂತೆ. ಮಹಾರಾಷ್ಟ್ರದಲ್ಲಿ 2023ರ ಮಾರ್ಚ್ 17ರಿಂದ ಮಹಿಳೆಯರಿಗೆ ಎಸ್.ಟಿ. ಬಸ್ಸುಗಳಲ್ಲಿ ಅರ್ಧ ದರ. ಆದರೆ ಅದು ಆ ರಾಜ್ಯದ ಎಲ್ಲೆಯವರೆಗೆ. ನಮ್ಮಲ್ಲಿ ಪೂರ್ತಿ ಉಚಿತ. ಆದರೆ ಅದು ಈ ರಾಜ್ಯದ ನಿವಾಸಿಗೆ. ಹೀಗಾಗಿ ತವರಿಗೆ ಬರುವ ಮಗಳು ಗಡಿ ದಾಟಿದೊಡನೆ ಪೂರ್ತಿ ದರ ಕೊಡುವ ಅತಿಥಿಯಾಗುತ್ತಾಳೆ.

“ಆಕಿ ಬಂದಾಗ ಕಂಡಕ್ಟರ್ ಆಧಾರ್ ನೋಡಿ, ನೀವು ರೊಕ್ಕ ಕೊಡಬೇಕ್ರಿ ಅಂದನಂತ,” ಎಂದು ಅಜ್ಜಿ ನಕ್ಕಳು. “ಹುಟ್ಟಿದ್ದು ಇಲ್ಲೇ ಅಂದ್ರ ಆ ಕಾರ್ಡಿಗೆ ಹೆಂಗ ತಿಳೀಬೇಕ್ರಿ?”

ಕಂಡಕ್ಟರನ ತಪ್ಪಿಲ್ಲ, ಲೆಕ್ಕಕ್ಕೆ ಎಲ್ಲಿಯಾದರೂ ಒಂದು ಎಲ್ಲೆ ಬೇಕು. ಉಚಿತವೆಂದ ಮಾತ್ರಕ್ಕೆ ಖರ್ಚು ಮಾಯವಾಗುವುದಿಲ್ಲವೆಂಬುದನ್ನೂ ಮರೆಯಬಾರದು. 2025ರ ಜನವರಿ 5ರಿಂದ ನಮ್ಮ ರಾಜ್ಯದ ಬಸ್ಸುಗಳ ದರ ನೂರಕ್ಕೆ ಹದಿನೈದರಷ್ಟು ಏರಿತು. ಡೀಸೆಲ್ಲಿಗೆ, ಸಂಬಳಕ್ಕೆ, ಹೊಸ ಬಸ್ಸಿಗೆ ಯಾರಾದರೂ ಕೊಡಲೇಬೇಕು. ಕೊಡುವವರು ತಾವು ಯಾರಿಗಾಗಿ, ಏತಕ್ಕಾಗಿ ಕೊಡುತ್ತಿದ್ದೇವೆಂಬುದನ್ನು ಸಾಲೋಟಗಿಯವರು ಕಲ್ಲಿನಲ್ಲಿ ಬರೆಸಿದಂತೆ ಸ್ಪಷ್ಟವಾಗಿ ತಿಳಿದಿದ್ದರೆ, ಕೊಡುವ ಕೈಗೆ ಭಾರವೆನಿಸುವುದಿಲ್ಲ.

ಗೋಳಗುಮ್ಮಟದ ಎದುರಿಗೆ ನಿಲ್ಲುವ ಪ್ರವಾಸಿ ಬಸ್ಸುಗಳ ಪಟ್ಟಿಯಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲು, ಆಲಮಟ್ಟಿಗಳ ಹೆಸರಿರುತ್ತದೆ. ಸಾಲೋಟಗಿಯ ಹೆಸರನ್ನು ನಾನು ಕಂಡಿಲ್ಲ. ಅಲ್ಲಿ ಗುಮ್ಮಟವಿಲ್ಲ, ಗುಹೆಯಿಲ್ಲ. ಪ್ರವೇಶದ ಚೀಟಿಯೂ ಇಲ್ಲ. ಇಂಡಿಯಲ್ಲಿ ಬಸ್ಸು ಬದಲಿಸಿ ಹೋಗುವ ಆ ಊರಿನ ದಾರಿಯನ್ನು ಹಿಡಿಯುವವರು ಒಂದು ಬುತ್ತಿಯನ್ನೂ ಮಕ್ಕಳನ್ನೂ ಕರೆದೊಯ್ದರೆ ಸಾಕು. ಸಾವಿರ ವರ್ಷಗಳ ಹಿಂದೆ ಇಲ್ಲಿ ಇಪ್ಪತ್ತೇಳು ಮನೆಗಳು ಪರದೇಶದ ಹುಡುಗರಿಗೆಂದೇ ಇದ್ದುವು ಎಂದು ಮಕ್ಕಳಿಗೆ ಹೇಳಿದರೆ, ಅವರು ಸುಮ್ಮನೆ ಕೇಳಿಸಿಕೊಳ್ಳಲಾರರು. ಅವರಿಗೆ ಊಟ ಯಾರು ಹಾಕುತ್ತಿದ್ದರೆಂದು ಖಂಡಿತ ಕೇಳುವರು.

ವಿಜಯಪುರದ ನಿಲ್ದಾಣದಲ್ಲಿ ಅಜ್ಜಿ ಮೊಮ್ಮಕ್ಕಳ ಕೈ ಹಿಡಿದು ಇಳಿದಳು. ಒಳಗೆ ಹೋದರೆ ಪಿಸುಮಾತೂ ಆ ಕಡೆಗೆ ಕೇಳಿಸುತ್ತದೆಂದು ಹುಡುಗನಿಗೆ ಹೇಳಿದೆ. ಅವನು ಆಗಲೇ ಕೂಗುವ ಸಿದ್ಧತೆಯಲ್ಲಿದ್ದನು. ನಾಲ್ಕು ಹೆಜ್ಜೆ ಹೋದ ಅಜ್ಜಿ ತಿರುಗಿ ನಿಂತು, “ನಮ್ಮೂರ ಕಡೆ ಬಂದ್ರ ಮನೀಗೆ ಬರ್ರಿ. ಊಟ ನಮ್ಮಲ್ಲೇ ಆಗತೈತಿ,” ಎಂದಳು.

ದೇಶ ಸುತ್ತುವ ಖರ್ಚು ಯಾರದೆಂದು ಹಿರಿಯರು ಹೇಳಲಿಲ್ಲವೆಂದು ಮೊದಲಿಗೆ ಬರೆದೆನಲ್ಲವೆ? ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಅವರು ಹೇಳಿದ್ದರು, ಸಾಲೋಟಗಿಯಲ್ಲಿ ಇನ್ನೂ ಹೇಳುತ್ತಿದ್ದಾರೆ.