ಹಳೇ ದೆವ್ವ, ಹೊಸ ದೆವ್ವ

ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಪಾಠ ಮಾಡುವ ಹುಮ್ಮಸ್ಸು ಮೇಷ್ಟರಿಗೂ ಇರುವುದಿಲ್ಲ, ಕೇಳುವ ತಾಳ್ಮೆ ಮಕ್ಕಳಿಗೂ ಇರುವುದಿಲ್ಲ. ಮೊನ್ನೆ ಒಂಬತ್ತನೇ ತರಗತಿಗೆ ಸ್ನಾಯು ಅಂಗಾಂಶದ ಚಿತ್ರ ಬರೆದು ತಿರುಗಿ ನೋಡುತ್ತೇನೆ, ಹಿಂದಿನ ಬೆಂಚಿನಲ್ಲಿ ಗುಸುಗುಸು ಜಗಳ. ಎಬ್ಬಿಸಿ ನಿಲ್ಲಿಸಿ ಕೇಳಿದರೆ ವಿಷಯ ಏನು ಗೊತ್ತೇ? ಜಾಂಬಿ!

"ಹಳೇ ಪಿಕ್ಚರೇ ಚೆಂದ ಸಾ. ಜಾಂಬಿಗಳು ನಿಧಾನಕ್ಕೆ ನಡ್ಕಂಡು ಬತ್ತವೆ. ಅದಕ್ಕೇ ಭಯ ಆಗೋದು" ಎಂದ ಒಬ್ಬ.

"ಅಯ್ಯೋ, ಅಷ್ಟು ನಿಧಾನಕ್ಕೆ ಬಂದ್ರೆ ನಾವು ನಂಜನಗೂಡಿಗೋಗಿ ಕಾಫಿ ಕುಡ್ಕ ಬರಬೋದು ಸಾ. ಈಗಿನವು ಹೆಂಗ್ ಓಡ್ತವೆ ಗೊತ್ತಾ?" ಎಂದ ಇನ್ನೊಬ್ಬ.

ಚಿಕ್ಕಯ್ಯನಛತ್ರದ ಹುಡುಗರು ಅಮೆರಿಕದ ಹೆಣಗಳಿಗಾಗಿ ಜಗಳವಾಡುವ ಕಾಲ ಬಂದಿದೆ. ಎಲ್ಲ ಅಪ್ಪಂದಿರ ಫೋನಿನ ಕೃಪೆ. ಹಳೆಯದೆಂದರೆ ಜಾರ್ಜ್ ರೊಮೆರೊ 1968ರಲ್ಲಿ ತೆಗೆದ ಕಪ್ಪು ಬಿಳುಪಿನ 'ನೈಟ್ ಆಫ್ ದಿ ಲಿವಿಂಗ್ ಡೆಡ್'. ಓಡುವ ಜಾಂಬಿಗಳದು ಅದೇ ರೊಮೆರೊನ 1978ರ 'ಡಾನ್ ಆಫ್ ದಿ ಡೆಡ್' ಚಿತ್ರವನ್ನು 2004ರಲ್ಲಿ ಮತ್ತೆ ತೆಗೆದದ್ದು. ಪಾಠ ಹೇಗೂ ಸ್ನಾಯುವಿನದೇ ಆಗಿತ್ತಲ್ಲ, ನಾನು ತೀರ್ಪು ಕೊಟ್ಟೆ. ಸತ್ತ ಮೇಲೆ ಸ್ನಾಯುಗಳಿಗೆ ಬೇಕಾದ ಎಟಿಪಿ ಮುಗಿದುಹೋಗುತ್ತದೆ. ಸ್ನಾಯು ಹಿಡಿದ ಹಿಡಿತ ಬಿಡಬೇಕಾದರೂ ಎಟಿಪಿ ಬೇಕು. ಅದಿಲ್ಲದೆ ಕೆಲವೇ ಗಂಟೆಗಳಲ್ಲಿ ಮೈ ಮರಗಟ್ಟುತ್ತದೆ. ಒಂದೆರಡು ದಿನ ಕಳೆದು ಸಡಿಲವಾಗುವುದು ಕೊಳೆಯುವುದಕ್ಕೇ ಹೊರತು ಓಡುವುದಕ್ಕಲ್ಲ. ಆದ್ದರಿಂದ ನಡೆಯುವುದೂ ಸುಳ್ಳು, ಓಡುವುದೂ ಸುಳ್ಳು, ಕೂತ್ಕೊಳ್ಳಿ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಕೂರಲಿಲ್ಲ. "ಸುಳ್ಳು ಅಂತ ನಮಗೂ ಗೊತ್ತು ಸಾ. ಯಾವ ಸುಳ್ಳು ಚೆಂದ ಅಂತ ಅವರು ಕೇಳ್ತಿರೋದು."

ಬೆಲ್ ಹೊಡೆಯಿತು, ನಾನು ಬಚಾವಾದೆ. ಆದರೆ ಮನೆಗೆ ಬರುವ ದಾರಿಯಲ್ಲೆಲ್ಲ ಆ ಮಾತು ಕೊರೆಯುತ್ತಲೇ ಇತ್ತು. 1968ರ ಚಿತ್ರದಲ್ಲಿ ಹೆಣಗಳು ಏಳುವುದಕ್ಕೆ ಹೇಳುವ ಕಾರಣ, ಶುಕ್ರಗ್ರಹದಿಂದ ಮರಳುತ್ತಿದ್ದ ನೌಕೆಯ ವಿಕಿರಣ. ಅದು ಅಂತರಿಕ್ಷದ, ಅಣುಬಾಂಬಿನ ಕಾಲ. 2002ರ ಹೊತ್ತಿಗೆ '28 ಡೇಸ್ ಲೇಟರ್' ಎಂಬ ಇಂಗ್ಲಿಷ್ ಚಿತ್ರದಲ್ಲಿ ಕಾರಣ ವೈರಸ್ ಆಗಿತ್ತು. ದೆವ್ವ ಓಡುತ್ತದೋ ನಡೆಯುತ್ತದೋ ಎನ್ನುವುದಕ್ಕಿಂತ, ಅದು ಬಂದದ್ದು ಯಾಕೆ ಎಂಬ ಕಾರಣ ಬದಲಾದದ್ದೇ ನನಗೆ ದೊಡ್ಡ ಸಂಗತಿಯಾಗಿ ಕಂಡಿತು. ಹಾಗೆ ಕಾಣಲು ನನ್ನ ಮನೆಯದೇ ಒಂದು ಕಾರಣವಿದೆ.

ನಮ್ಮ ಕಡೆ ಸತ್ತವರು ಗುಂಪು ಕಟ್ಟಿಕೊಂಡು ಬರುವುದಿಲ್ಲ. ಒಬ್ಬೊಬ್ಬರೇ ಬಂದು ಮೈಮೇಲೆ ಕೂರುತ್ತಾರೆ. 'ನಾ ನಿನ್ನ ಬಿಡಲಾರೆ' ಬಿಡುಗಡೆಯಾದದ್ದು 1979ರಲ್ಲಿ. ನಮ್ಮೂರ ಕಡೆಯ ಟೆಂಟಿಗೆ ಅದು ಬರುವ ಹೊತ್ತಿಗೆ ನನಗೆ ಹನ್ನೊಂದು ವರ್ಷ. 'ನಮೋ ವೆಂಕಟೇಶ' ಹಾಡು ಕೇಳಿಸಿತೆಂದರೆ ಇನ್ನೇನು ಆಟ ಶುರು ಎಂದು ಗದ್ದೆ ಬದುವಿನ ಮೇಲೆ ಓಡಿದವರು ನಾನು ಮತ್ತು ನನ್ನ ಚಿಕ್ಕಮ್ಮ. ನೆಲದ ಟಿಕೆಟ್ಟು, ಮರಳ ಗುಡ್ಡೆ ಮಾಡಿಕೊಂಡು ಕೂತೆವು. ದೇವರನ್ನು ನಂಬದ ಅನಂತನಾಗ್ ಮೈಮೇಲೆ ಕಾಮಿನಿ ಎಂಬ ಹೆಣ್ಣಿನ ದೆವ್ವ ಬರುತ್ತದೆ. ಹೆಂಡತಿ ಲಕ್ಷ್ಮಿ ರಾಘವೇಂದ್ರ ಸ್ವಾಮಿಗಳ ಮೊರೆ ಹೋಗುತ್ತಾಳೆ. ಅನಂತನಾಗ್ ಕಣ್ಣು ಬಿಟ್ಟಾಗ ನಾನು ಚಿಕ್ಕಮ್ಮನ ಸೆರಗಿನೊಳಗೆ ಸೇರಿದ್ದೆ. ಆ ಚಿತ್ರವನ್ನೂ 1981ರಲ್ಲಿ ಹಿಂದಿಯಲ್ಲಿ 'ಮಂಗಳಸೂತ್ರ' ಎಂದು ಮತ್ತೆ ತೆಗೆದರು. ರೇಖಾ ಹೆಂಡತಿ, ಗಂಡ ಅನಂತನಾಗೇ. ನಾನು ಅದನ್ನು ನೋಡಿಲ್ಲ. ನೋಡಬೇಕೆನಿಸಿಯೂ ಇಲ್ಲ.

ಮಾರನೇ ವರ್ಷ ಚಿಕ್ಕಮ್ಮನ ಮೈಮೇಲೆ ಬಂತು.

ಅವಳಿಗೆ ಆಗ ಹತ್ತೊಂಬತ್ತು. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕೂತಿದ್ದಳು. ನಮ್ಮ ತಾತ ಮುಂದೆ ಓದಿಸಲಿಲ್ಲ. ಒಂದು ಸಂಜೆ ಹಲ್ಲು ಕಚ್ಚಿಕೊಂಡು, ಧ್ವನಿ ಬದಲಿಸಿ, ನಮ್ಮಲ್ಲಿ ಯಾರೂ ಆಡದ ಮಾತು ಆಡತೊಡಗಿದಳು. ಗಾಳಿ ಬಿಡಿಸುವವನು ಬಂದ. ಬೇವಿನ ಬರಲು ಹಿಡಿದು ಅವನು ಕೇಳಿದ್ದು ಒಂದೇ ಪ್ರಶ್ನೆ: "ಯಾವಳೇ ನೀನು? ಯಾವೂರೋಳು?" ಚಿಕ್ಕಮ್ಮ ನಾಲೆಗೆ ಬಿದ್ದು ಸತ್ತಿದ್ದ ಹೆಂಗಸೊಬ್ಬಳ ಹೆಸರು ಹೇಳಿದಳು. ಹೇಳಿದ್ದಕ್ಕೂ ಏಟು ಬಿತ್ತು. ಲಾಟೀನು ಹಿಡಿದು ನಿಂತಿದ್ದವನು ನಾನು. ಅಯ್ಯೋ ಎನಿಸಲಿಲ್ಲ, ನಿಜ ಹೇಳಬೇಕೆಂದರೆ. ದೆವ್ವ ಹೇಗಿರುತ್ತದೆಂದು ನಾನು ಟೆಂಟಿನಲ್ಲಿ ನೋಡಿದ್ದೆನಲ್ಲ! ಹೊಡೆತ ಬೀಳುತ್ತಿದ್ದುದು ಕಾಮಿನಿಗೆ, ಚಿಕ್ಕಮ್ಮನಿಗಲ್ಲ ಎಂದುಕೊಂಡಿದ್ದೆ.

ವರ್ಷವಿಡೀ ಹೀಗೇ ನಡೆಯಿತು. ಆಮೇಲೆ ನಿಂತುಹೋಯಿತು. ಬರಲು ಹಿಡಿದವನು ತನ್ನಿಂದ ಎಂದ. ನನ್ನ ಲೆಕ್ಕ ಬೇರೆ. 1975ರ ಅಕ್ಟೋಬರಿನಲ್ಲಿ ಕರ್ನಾಟಕದ ಮೊದಲ ಅಂಗನವಾಡಿ ಯೋಜನೆ ಶುರುವಾದದ್ದು ನಮ್ಮ ಪಕ್ಕದ ತಿ. ನರಸೀಪುರ ತಾಲ್ಲೂಕಿನಲ್ಲಿ. ಅಲ್ಲಿ ನಮ್ಮ ನೆಂಟರ ಊರಿನಲ್ಲಿ ಒಂದು ಜಾಗ ಖಾಲಿಯಾಗಿ, ಯಾರೋ ಪುಣ್ಯಾತ್ಮರು ಹೇಳಿ, ಚಿಕ್ಕಮ್ಮ ಅಂಗನವಾಡಿ ಕಾರ್ಯಕರ್ತೆಯಾದಳು. ಕೈಗೆ ಸಿಗುತ್ತಿದ್ದುದು ಪುಡಿಗಾಸು. ಆದರೆ ರಿಜಿಸ್ಟರು, ತಕ್ಕಡಿ, ಮೂವತ್ತು ಮಕ್ಕಳು ಅವಳವಾದವು. ನಾಲೆಯ ಹೆಂಗಸು ಮತ್ತೆ ಬರಲಿಲ್ಲ.

2004ರಲ್ಲಿ 'ಆಪ್ತಮಿತ್ರ' ಬಂತು. ಅಷ್ಟರಲ್ಲಿ ನಾನು ಮೇಷ್ಟರಾಗಿದ್ದೆ. ಚಿಕ್ಕಮ್ಮನನ್ನು ಕರೆದುಕೊಂಡು ಮೈಸೂರಿಗೆ ಹೋಗಿ ನೋಡಿದೆ. ಫಾಜಿಲ್ 1993ರಲ್ಲಿ ತೆಗೆದ ಮಲಯಾಳಂ 'ಮಣಿಚಿತ್ರತಾಳ್' ಚಿತ್ರವನ್ನು ಪಿ. ವಾಸು ಕನ್ನಡಕ್ಕೆ ತಂದಿದ್ದರು. ಅವರೇ ಮುಂದೆ ತಮಿಳಿನಲ್ಲಿ 'ಚಂದ್ರಮುಖಿ' ಮಾಡಿದರು. ಹಿಂದಿಯಲ್ಲಿ 2007ಕ್ಕೆ 'ಭೂಲ್ ಭುಲಯ್ಯಾ' ಬಂತು. ಈ ಮರುಸೃಷ್ಟಿಗಳಲ್ಲಿ ಒಂದು ತಮಾಷೆ ಇದೆ, ನೋಡಿದ್ದೀರಾ? ಮಲಯಾಳಂ ಚಿತ್ರದ ನಾಗವಲ್ಲಿ ತಮಿಳು ಮಾತಾಡುತ್ತಾಳೆ. ನಮ್ಮ ನಾಗವಲ್ಲಿಯದು ತೆಲುಗು, ತಮಿಳಿನ ಚಂದ್ರಮುಖಿಯದೂ ತೆಲುಗು, ಹಿಂದಿಯವಳದು ಬಂಗಾಳಿ. ಎಲ್ಲರ ಮನೆಯ ದೆವ್ವವೂ ಬೇರೆ ಮನೆಯ ಭಾಷೆಯದೇ.

ಮಲಯಾಳಂ ಚಿತ್ರವೇ ಮೇಲು ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ. 2024ರಲ್ಲಿ ಅದು ಮತ್ತೆ ಚಿತ್ರಮಂದಿರಕ್ಕೂ ಬಂತು. ಆದರೆ 2004ರ ಆ ದಿನ ಮೈಸೂರಿನ ಥಿಯೇಟರಿನಲ್ಲಿದ್ದದ್ದು ಬೇರೆಯೇ ಒಂದು ಮೌನ. ಸೌಂದರ್ಯ ಅದೇ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ತೆರೆಯ ಮೇಲೆ ಕುಣಿಯುತ್ತಿದ್ದಾಕೆ ಇನ್ನಿಲ್ಲ ಎಂಬುದು ಕೂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ಇದನ್ನು ಯಾವ ನಿರ್ದೇಶಕನೂ ಬೇಕೆಂದು ತರಲಾರ.

ಕಥೆಯಲ್ಲಿ ಗಂಗಾಳ ಮೈಮೇಲೆ ಯಾರೂ ಬಂದಿಲ್ಲ. ಅದು ಅವಳ ಮನಸ್ಸಿನದೇ ಕಾಯಿಲೆ. ವಿಷ್ಣುವರ್ಧನ್ ಅವರ ಡಾಕ್ಟರು ಅವಳ ಬಾಲ್ಯವನ್ನು ಹುಡುಕಿಕೊಂಡು ಹೋಗುತ್ತಾನೆ. ಕೊನೆಗೆ ಆಚಾರ್ಯರನ್ನೂ ಜೊತೆಗೆ ಸೇರಿಸಿಕೊಂಡು ಬೊಂಬೆಯೊಂದನ್ನು ರಾಜನೆಂದು ನಂಬಿಸಿ, ಕಡಿಸಿ, ಗುಣ ಮಾಡುತ್ತಾನೆ. ವಿಜ್ಞಾನದ ಮೇಷ್ಟರಾಗಿ ಇಲ್ಲಿ ಒಂದು ಮಾತು ಹೇಳಲೇಬೇಕು. ಮನೋವೈದ್ಯರು ಹೀಗೆ ನಾಟಕ ಆಡಿಸಿ ಒಂದೇ ರಾತ್ರಿಯಲ್ಲಿ ವಾಸಿ ಮಾಡುವುದಿಲ್ಲ. ತಿಂಗಳುಗಟ್ಟಲೆ ಕೂರಿಸಿಕೊಂಡು ಮಾತಾಡಿಸುತ್ತಾರೆ, ಬೇಕಿದ್ದರೆ ಮಾತ್ರೆ ಕೊಡುತ್ತಾರೆ. ಪೋಷಕರು ಪಿಕ್ಚರ್ ನೋಡಿ ಚಿಕಿತ್ಸೆ ಕಲಿಯಬಾರದು.

ನಂಜನಗೂಡಿಗೆ ವಾಪಸ್ ಬರುವ ಬಸ್ಸಿನಲ್ಲಿ ಚಿಕ್ಕಮ್ಮ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದಳು. ಕಬಿನಿ ಸೇತುವೆ ಬಂದಾಗ ಹೇಳಿದಳು: "ಆ ಡಾಕ್ಟ್ರು ಅವಳಿಗೆ ಚಿಕ್ಕೋಳಾಗಿದ್ದಾಗ ಏನಾಗಿತ್ತು ಅಂತ ಕೇಳ್ಕಂಡು ಹೋದ್ನಲ್ಲ ಮಗ. ನನ್ನ ಅದೊಂದ ಯಾರೂ ಕೇಳ್ನಿಲ್ಲ. ಯಾವಳೇ ಯಾವಳೇ ಅಂತಿದ್ರು. ಅದಕ್ಕೇ ಒಂದು ಹೆಸರು ಹೇಳ್ಬುಟ್ಟಿ."

ಲಾಟೀನು ಹಿಡಿದಿದ್ದ ಕೈ ನನ್ನದು. ಏನು ಹೇಳಬೇಕೋ ತಿಳಿಯಲಿಲ್ಲ. ಮಾತು ಬದಲಿಸಲು, "ಹಂಗಾದ್ರೆ ಹಳೇದಕ್ಕಿಂತ ಇದೇ ಚೆನ್ನಾಗಿತ್ತು ಅನ್ನು" ಎಂದೆ.

"ಇಲ್ಲಪ್ಪ, ಹಳೇದೇ ಚೆಂದ" ಎಂದಳು ತಟ್ಟನೆ. "ಅದ್ರಲ್ಲಿ ಗಂಡ ಹಂಗಾಡಿದ್ರೂ ಹೆಂಡ್ತಿ ಕೊನೇಗಂಟ ಕೈ ಬಿಡ್ನಿಲ್ವಲ್ಲ."

'ನಾ ನಿನ್ನ ಬಿಡಲಾರೆ' ಎನ್ನುವುದು ಕಾಮಿನಿಯ ಮಾತೆಂದೇ ಅಷ್ಟು ವರ್ಷ ನಾನು ತಿಳಿದಿದ್ದೆ.

ಆ ಹುಡುಗಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಬರುವ ಶನಿವಾರ ಕೇಳಿಯೇ ಕೇಳುತ್ತಾಳೆ. ಸ್ನಾಯುವಿನ ಪಾಠವೂ ಅರ್ಧ ಬಾಕಿ ಇದೆ.