ನೀರಿನ ಮೇಲಿನ ಗೊಂಬೆಗಳು

ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿದ ನನಗೆ ವಿಯೆಟ್ನಾಂ ಎಂದರೆ ಯುದ್ಧ, ಹೊ ಚಿ ಮಿನ್ ಮತ್ತು 1975 ಎಂಬ ಇಸವಿ, ಅಷ್ಟೇ. ಕರಿಹಲಗೆಯ ಮೇಲೆ ಭೂಪಟ ಬರೆದು, ನಡುವೆ ಅಡ್ಡಗೆರೆ ಎಳೆದು, ಎರಡು ಅಂಕದ ಪ್ರಶ್ನೆ ಬರಬಹುದು ಎಂದು ಎಚ್ಚರಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಆ ಜನ ಸಂಜೆಯ ಹೊತ್ತು ಏನು ಮಾಡುತ್ತಾರೆಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವೂ ಇರಲಿಲ್ಲ.

2023ರ ಡಿಸೆಂಬರಿನಲ್ಲಿ ಮಗ, ಸೊಸೆ, ಹತ್ತು ವರ್ಷದ ಮೊಮ್ಮಗನೊಡನೆ ನಾವು ಮುದುಕರಿಬ್ಬರೂ ಹನೋಯ್ ನಗರಕ್ಕೆ ಹೋದೆವು. ಅದೊಂದು ಶನಿವಾರದ ಸಂಜೆ. ರಸ್ತೆ ದಾಟುವುದೇ ಮೊದಲ ಸಾಹಸ. ಸ್ಕೂಟರುಗಳ ಹೊಳೆ ಹರಿಯುತ್ತಿರುತ್ತದೆ. ನಿಲ್ಲದೆ, ಓಡದೆ, ಒಂದೇ ಸಮನೆ ನಡೆಯಬೇಕು, ಅವರೇ ನಮ್ಮನ್ನು ಬಳಸಿಕೊಂಡು ಹೋಗುತ್ತಾರೆ. ನನ್ನಾಕೆ ಸೊಸೆಯ ತೋಳು ಹಿಡಿದು, ಕಣ್ಣು ಮುಚ್ಚಿಯೇ ದಾಟಿದಳು.

ಹೋವನ್ ಕಿಯೆಮ್ ಕೆರೆಯ ದಂಡೆಯಲ್ಲಿ 1969ರಲ್ಲಿ ಸ್ಥಾಪನೆಯಾದ ಥಾಂಗ್ ಲಾಂಗ್ ಜಲಗೊಂಬೆಯಾಟದ ರಂಗಮಂದಿರವಿದೆ. ಮಗ ಟಿಕೀಟು ತಂದು ನನ್ನ ಕೈಗಿತ್ತು, “ಅಪ್ಪ, ನಾಳೆ ಪರೀಕ್ಷೆ ಏನೂ ಇಲ್ಲ ತಾನೆ?” ಎಂದು ನಕ್ಕ. ಸೊಸೆಗೆ ಅರ್ಥವಾಗಲಿಲ್ಲ. ನನಗಾಯಿತು.

1997ರಲ್ಲಿ ನಾವು ಮಂಡ್ಯ ಸೀಮೆಯ ಒಂದು ಹಳ್ಳಿಯಲ್ಲಿದ್ದೆವು. ಜಾತ್ರೆಗೆ ಸೂತ್ರದ ಗೊಂಬೆಯಾಟದ ಮೇಳ ಬಂದಿತ್ತು. ಮರುದಿನ ಇವನಿಗೆ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆ, ಅದೂ ಗಣಿತ. ಹುಡುಗ ಒಂದು ಗಂಟೆಯ ಮಟ್ಟಿಗಾದರೂ ಬಿಡಿ ಎಂದು ಬೇಡಿದ. ಮೇಷ್ಟರ ಮಗನೇ ಹೀಗೆ ಮಾಡಿದರೆ ಊರಿನವರು ಏನೆಂದಾರು ಎಂದು ಗದರಿ ಮಲಗಿಸಿದೆ. ದೇವಸ್ಥಾನದ ಬಯಲಿನಿಂದ ಮದ್ದಳೆಯ ಸದ್ದು ಮನೆಯೊಳಗೂ ಕೇಳುತ್ತಿತ್ತು.

ಒಳಗೆ ಕುಳಿತಾಗ ವೇದಿಕೆಯ ಜಾಗದಲ್ಲಿ ಕಂಡದ್ದು ಹಸಿರು ಬಣ್ಣದ ಕಲಕು ನೀರಿನ ಕೊಳ, ಹಿಂದೆ ಬಿದಿರಿನ ತಡಿಕೆಯ ಪರದೆ. ಕೆಂಪು ನದಿಯ ಬಯಲಿನ ಭತ್ತದ ಗದ್ದೆಗಳಲ್ಲಿ ಹುಟ್ಟಿದ ಕಲೆಯಿದು. 1121ರ ಒಂದು ಶಾಸನದಲ್ಲಿಯೇ ಇದರ ಉಲ್ಲೇಖವಿದೆ. ಅತ್ತಿ ಜಾತಿಯ ಹಗುರ ಮರದಿಂದ ಗೊಂಬೆ ಕೆತ್ತಿ, ನೀರು ತಾಗದಂತೆ ಅರಗು ಬಳಿಯುತ್ತಾರೆ. ನಮ್ಮಲ್ಲಿ ಸೂತ್ರ ಮೇಲಿನಿಂದ ಇಳಿಯುತ್ತದೆ. ಇಲ್ಲಿ ಉದ್ದನೆಯ ಗಳು ನೀರಿನಡಿಯಲ್ಲಿ ಅಡಗಿರುತ್ತದೆ. ಹೊಟ್ಟೆ ಬಿಟ್ಟುಕೊಂಡ ವಿದೂಷಕ ಚೂ ತೆಯು ಬಂದು ಏನೋ ಹಾಸ್ಯ ಮಾಡಿದ. ಭಾಷೆ ಬಾರದಿದ್ದರೂ ಮೊಮ್ಮಗ ನಕ್ಕ. ಒಂದೇ ತಂತಿಯ ದಾನ್ ಬೌ ವಾದ್ಯ ಮನುಷ್ಯರಂತೆ ನರಳುತ್ತಿತ್ತು. ಬಾತುಕೋಳಿ ಕದ್ದ ನರಿ ಮರವೇರಿತು, ಡ್ರ್ಯಾಗನ್‌ಗಳು ನೀರಿನ ನಡುವೆಯೇ ಬೆಂಕಿ ಉಗುಳಿದವು. ಲೆ ಲೋಯ್ ಎಂಬ ರಾಜ ದೋಣಿಯಲ್ಲಿ ಬಂದು ತನ್ನ ಖಡ್ಗವನ್ನು ಆಮೆಗೆ ಹಿಂದಿರುಗಿಸಿದ. ಆ ಕಥೆ ನಡೆದದ್ದು ಹೊರಗಿನ ಕೆರೆಯಲ್ಲಿಯೇ ಎಂಬುದು ಅಲ್ಲಿನವರ ನಂಬಿಕೆ. ನಾನು ಆಟಕ್ಕಿಂತ ಹೆಚ್ಚಾಗಿ ಮಗನ ಮುಖವನ್ನು ನೋಡುತ್ತಿದ್ದೆ. ನಡುವಯಸ್ಸು ಸಮೀಪಿಸಿದ ಗಂಡಸು ಬಾಯಿ ಬಿಟ್ಟುಕೊಂಡು ಕುಳಿತಿದ್ದ.

ಕೊನೆಯಲ್ಲಿ ಪರದೆ ಸರಿಯಿತು. ಸೊಂಟದವರೆಗೆ ನೀರಿನಲ್ಲಿ ನಿಂತಿದ್ದ ಕಲಾವಿದರು ಕೈಮುಗಿದರು. ಹೊರಗೆ ಡಿಸೆಂಬರಿನ ಚಳಿಯೆಂಬುದು ನನಗಾಗ ನೆನಪಾಯಿತು.

ವಾರಾಂತ್ಯದ ರಾತ್ರಿ ಕೆರೆಯ ಸುತ್ತ ವಾಹನಗಳನ್ನು ಬಿಡುವುದಿಲ್ಲ. 2016ರಿಂದ ಈ ಏರ್ಪಾಡು. ರಸ್ತೆಯ ತುಂಬ ಜನ, ಗಿಟಾರು, ಬಲೂನು, ಜೋಳ ಸುಡುವವರು. ಒಂದೆಡೆ ಹುಡುಗಿಯರು ನೆಲದ ಮೇಲೆ ಗೆರೆ ಎಳೆದು ಕಲ್ಲು ಹಂಚುತ್ತಿದ್ದರು. “ಏನ್ರೀ, ಇದು ನಮ್ಮ ಅಳಗುಳಿ ಮಣೆ ಅಲ್ವೇ?” ಎಂದವಳೇ ನನ್ನಾಕೆ, ಮಂಡಿನೋವು ಮರೆತು ಕುಳಿತುಬಿಟ್ಟಳು. ಓ ಅನ್ ಕ್ವಾನ್ ಎಂಬ ಆ ಆಟದ ನಿಯಮ ಸ್ವಲ್ಪ ಬೇರೆ. ಎರಡು ಸಲ ಸೋತು, ಹುಡುಗಿಯ ಗಲ್ಲ ಹಿಡಿದು ಎದ್ದಳು.

ಒಂಬತ್ತೂವರೆಯಾಯಿತು. ಮಗ ಗಡಿಯಾರ ನೋಡಿ, “ನಾಳೆ ಬೆಳಿಗ್ಗೆ ಬೇಗ ಬಸ್ಸು, ಸಾಕು ನಡಿಯೋ” ಎಂದು ಮೊಮ್ಮಗನನ್ನು ಗದರಿದ. “ಇರಲಿ ಬಿಡೋ” ಎಂದೆ. ಮಗ ನನ್ನನ್ನೇ ನೋಡಿ, ಪಕ್ಕದ ಕಲ್ಲುಬೆಂಚಿನಲ್ಲಿ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದ:

“ಅವತ್ತು ಯಾವ ಪ್ರಸಂಗ ಆಡಿದ್ರು ಅಪ್ಪ?”

ಹೆಡ್ಮಾಸ್ತರರು ಹೇಳಿ ಕಳಿಸಿದ್ದರೆಂದು, ಇವನು ಮಲಗಿದ ಮೇಲೆ ಬಾಗಿಲು ಎಳೆದುಕೊಂಡು ನಾನೇ ಆಟಕ್ಕೆ ಹೋಗಿದ್ದೆ. ಮುಂದಿನ ಸಾಲಿನಲ್ಲಿ ಕುಳಿತು ಬೆಳಗಿನ ಜಾವದವರೆಗೂ ನೋಡಿದ್ದೆ. ಆ ಬಾಗಿಲಿನ ಸದ್ದು ಅವನಿಗೆ ಕೇಳಿಸಿತ್ತೆಂದು ಈ ಇಪ್ಪತ್ತಾರು ವರ್ಷ ನನಗೆ ತಿಳಿದಿರಲಿಲ್ಲ.

“ಲಂಕಾದಹನ” ಎಂದೆ.

“ಬಾಲಕ್ಕೆ ಬೆಂಕಿ ಹೇಗೆ ಹಚ್ಚಿದ್ರು ತಾತ? ಗೊಂಬೆ ಸುಟ್ಟು ಹೋಗಲ್ವಾ?” ಮೊಮ್ಮಗ ನಮ್ಮಿಬ್ಬರ ನಡುವೆ ಬಂದು ತೂರಿಕೊಂಡ. ಪಂಜಿಗೆ ರಾಳದ ಪುಡಿ ಎರಚಿದಾಗ ಭುಗಿಲ್ಲೆಂದದ್ದು, ಭಾಗವತರು ಪದ ಎತ್ತಿದ್ದು, ಹನುಮಂತನ ಗೊಂಬೆ ಸರ್ರನೆ ಮೇಲಕ್ಕೆ ಹಾರಿದ್ದು, ಎಲ್ಲವನ್ನೂ ಮೊದಲಿನಿಂದ ಹೇಳತೊಡಗಿದೆ. ಸೊಸೆ ಎಲ್ಲರಿಗೂ ಐಸ್ ಕ್ರೀಮ್ ತಂದಳು. ಮಗ ಮತ್ತೆ ಗಡಿಯಾರ ನೋಡಲಿಲ್ಲ.