ಕ್ರಿಯಾಪದದಲ್ಲಿ ಒಂದು ಮಾತ್ರೆ

ವಾಕ್ಯಕ್ಕೆ ಕ್ರಿಯಾಪದವು ಜೀವಸ್ಥಾನ. ಅದರ ಉಚ್ಚಾರಣೆ ಕೆಟ್ಟರೆ ಅರ್ಥವೂ ಕೆಡುತ್ತದೆ. ಇಟಲಿ ದೇಶದ ಭಾಷೆಯಲ್ಲಿ 'ಪಾರ್ಲೊ' ಎಂಬ ರೂಪವುಂಟು. ಮೊದಲಕ್ಷರವನ್ನು ಒತ್ತಿ ನುಡಿದರೆ 'ನಾನು ಮಾತನಾಡುತ್ತೇನೆ' ಎಂದೂ, ಕಡೆಯಕ್ಷರವನ್ನು ಒತ್ತಿದರೆ 'ಅವನು ಮಾತನಾಡಿದನು' ಎಂದೂ ಅರ್ಥವಾಗುತ್ತದೆ. ಕನ್ನಡದಲ್ಲಿ ಇಂತಹ ಒತ್ತುನುಡಿಯಿಂದ ಅರ್ಥಭೇದವಿಲ್ಲ. ಆ ಕಾರ್ಯವನ್ನು ಇಲ್ಲಿ ಮಾತ್ರೆಯು ನಿರ್ವಹಿಸುತ್ತದೆ.

'ಕೊಟ್ಟನು' ಎಂಬುದು ನಾಲ್ಕು ಮಾತ್ರೆ. 'ಕೊಟ್ಟಾನು' ಎಂಬುದು ಐದು. ಮೊದಲನೆಯದು ಭೂತಕಾಲ, ಎರಡನೆಯದು ಸಂಭಾವನಾರ್ಥ. ದಾನವು ಕೈಸೇರಿತೋ, ಕೈಸೇರೀತೆಂಬ ನಿರೀಕ್ಷೆ ಮಾತ್ರವೋ ಎಂಬುದನ್ನು ಆ ಒಂದು ಮಾತ್ರೆಯೇ ತಿಳಿಸುತ್ತದೆ!

ಲಿಪಿಯನ್ನು ನಂಬಿದ ಬಾಲಕನು ಇದನ್ನು 'ಕೊ-ಟ್ಟ-ನು' ಎಂದು ವಿಭಜಿಸುತ್ತಾನೆ. ನಾಲಗೆಯಾದರೋ 'ಕೊಟ್-ಟ-ನು' ಎಂದೇ ವಿಭಜಿಸುತ್ತದೆ. ಒತ್ತಕ್ಷರದ ಭಾರವು ಹಿಂದಿನ ಅಕ್ಷರದ ಮೇಲೆ ಬೀಳುವುದರಿಂದಲೇ ಹ್ರಸ್ವವಾದ 'ಕೊ' ಗುರುವೆನಿಸುತ್ತದೆ. ಈ ಕಾರಣವನ್ನರಿಯದೆ ಗುರು-ಲಘು ಚಿಹ್ನೆಗಳನ್ನು ಕಂಠಪಾಠ ಮಾಡಿದವನಿಗೆ ಭಾಮಿನೀ ಷಟ್ಪದಿಯ ಮೂರು-ನಾಲ್ಕರ ನಡೆ ಕಿವಿಗೆ ದಕ್ಕದು.

ಕ್ಯಾತ್ಸಂದ್ರದ ನೆರೆಯ ಶ್ರೀ ಸಿದ್ಧಗಂಗಾ ಮಠದ ಆಶ್ರಯದಲ್ಲಿ ಹಲವು ಜಿಲ್ಲೆಗಳ ಸಹಸ್ರಾರು ಬಾಲಕರು ಒಂದೇ ಪಂಕ್ತಿಯಲ್ಲಿ ಉಂಡು ಓದುತ್ತಾರೆ. ಪ್ರತಿಯೊಬ್ಬನೂ ತನ್ನ ಊರಿನ ಕ್ರಿಯಾಪದವನ್ನು ಹೊತ್ತು ಬಂದಿರುತ್ತಾನೆ. ಉತ್ತರದ ಸೀಮೆಯವನು 'ಬಂದಾನ' ಎಂದರೆ 'ಬಂದಿದ್ದಾನೆ' ಎಂದು ಅರ್ಥ. ಗ್ರಂಥಸ್ಥ ಭಾಷೆಯ 'ಬಂದಾನು' ಎಂಬುದಕ್ಕೆ 'ಬರಬಹುದು' ಎಂದು ಅರ್ಥ. ತುಮಕೂರು ಸೀಮೆಯ ಹಳ್ಳಿಯ ಹುಡುಗನು ಅದೇ ಬಂದಿರುವಿಕೆಯನ್ನು 'ಬಂದವ್ನೆ' ಎನ್ನುತ್ತಾನೆ. ಮೂರಕ್ಕೂ ಎರಡು ಗುರು, ಒಂದು ಲಘು, ಐದೇ ಮಾತ್ರೆ. ಅಳತೆ ಒಂದಾದರೂ ಅರ್ಥ ಬೇರೆ.

ಇಲ್ಲಿ ಅಧ್ಯಾಪಕನ ವಿವೇಕಕ್ಕೆ ಪರೀಕ್ಷೆಯೊದಗುತ್ತದೆ. 'ಬಂದಾನ' ಎಂದವನನ್ನು ತಪ್ಪೆಂದು ಗದರಿಸಿ, ತರಗತಿ ನಕ್ಕಿತೆಂದರೆ ಆ ಬಾಲಕನು ಮತ್ತೆ ಬಾಯಿ ತೆರೆಯಲು ಅಂಜುವನು. ಅವನದು ದೋಷವಲ್ಲ, ಪ್ರಾಂತಭೇದ. ದೇಶಭೇದದಿಂದ ಕನ್ನಡದ ನುಡಿಗಳು ಬಹುವಿಧವೆಂಬುದನ್ನು ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಗುರುತಿಸಿದೆ. ಮೂರು ರೂಪಗಳನ್ನೂ ಕಪ್ಪುಹಲಗೆಯ ಮೇಲೆ ಬರೆದು, ಕೈತಟ್ಟಿ ಮಾತ್ರೆಯನ್ನೆಣಿಸಿ, ಯಾವುದು ಮನೆಯ ಮಾತು, ಯಾವುದು ಗ್ರಂಥದ ಮಾತು ಎಂದು ವಿವರಿಸಿದರೆ ಅರ್ಧ ಗಂಟೆಯಲ್ಲಿ ವ್ಯಾಕರಣ, ಛಂದಸ್ಸು ಎರಡೂ ಕರಗತವಾಗುತ್ತವೆ. ಹುಡುಗರೂ ಒಬ್ಬರ ನುಡಿಯನ್ನೊಬ್ಬರು ಗೌರವಿಸಲು ಕಲಿಯುತ್ತಾರೆ.

ಅನ್ನದಾಸೋಹದಲ್ಲಿ ಪಂಕ್ತಿಭೇದವಿಲ್ಲ. ಅಕ್ಷರದಾಸೋಹದಲ್ಲಿಯೂ ಅದು ಇರಕೂಡದು. ಗ್ರಂಥಸ್ಥ ಭಾಷೆಯನ್ನು ಶುದ್ಧವಾಗಿ ಕಲಿಸುವುದು ಗುರುವಿನ ಧರ್ಮ. ತಾಯಿ ಕಲಿಸಿದ ನುಡಿಗೆ ನಾಚುವಂತೆ ಮಾಡದಿರುವುದೂ ಅದೇ ಧರ್ಮದ ಮತ್ತೊಂದು ಮುಖ.